ಅಂಕಿ ಒಂಬತ್ತು

ಪ್ರೆಸ್ಸಿನಲ್ಲಿ ಎರಡು ಕಂಪ್ಯೂಟರ್‌ಗಳು, ನಾವಿಬ್ಬರು. ಒಬ್ಬರು ಸಾಕೆಂದು ಮಾಲೀಕರು ಆಗಾಗ ಅನ್ನುತ್ತಿದ್ದರು.

ಹೊಸದರಲ್ಲಿ ಎಲ್ಲ ಅಕ್ಷರವೂ ಸರಿಯಾಗಿ ಮೂಡುತ್ತಿತ್ತು. ನನ್ನ ಹಳೆಯದರಲ್ಲಿ ಅರ್ಕಾವತ್ತು ಬರುತ್ತಿರಲಿಲ್ಲ. ಅದರ ಜಾಗದಲ್ಲಿ ಅಂಕಿ ಒಂಬತ್ತನ್ನು ಕೂರಿಸಿ, ಧರ್ಮವನ್ನು ‘ಧಮ೯’ ಮಾಡುತ್ತಿದ್ದೆ. ಈ ಉಪಾಯವನ್ನು ಹೇಳಿಕೊಟ್ಟದ್ದು ಹೊಸದರಲ್ಲಿ ಕೂರುವ ವನಜಕ್ಕನಿಗೆ ಮಾತ್ರ; ನಾನು ಬಾರದ ದಿನ ನನ್ನದರಲ್ಲೂ ಅವಳೇ ಟೈಪು ಮಾಡುತ್ತಿದ್ದಳು.

“ಆ ಡಬ್ಬಕ್ಕಿಂತ ನೀನೇ ಚುರುಕು ಕಣೇ,” ಎಂದು ನಕ್ಕಿದ್ದಳು.

ಇಂದು ಮಾಲೀಕರು ಕರೆದರು.

“ನಮ್ಮ ಕಾರ್ಡಿನ ಡಿಸೈನ್ ಬೇರೆ ಪ್ರೆಸ್ಸಿಗೆ ಕೊಡ್ತೀಯಂತೆ. ನಾಳೆಯಿಂದ ಬರಬೇಡಮ್ಮ.”

“ಯಾರು ಹೇಳಿದ್ದು ಸರ್?”

“ಹೆಸರು ಹಾಕಿಲ್ಲ,” ಎಂದು ಟೈಪು ಮಾಡಿದ ಕಾಗದವೊಂದನ್ನು ಮುಂದಿಟ್ಟರು.

ವನಜಕ್ಕ ನನ್ನ ಬೆನ್ನು ಸವರಿದಳು. “ಅಳಬೇಡ. ಯಾರೋ ಹೊಟ್ಟೆಕಿಚ್ಚಿನವರು.”

ಕಾಗದದ ಕೊನೆಯ ಸಾಲು ಓದಿದೆ: “ಇವಳನ್ನು ನಂಬುವುದು ಮೂಖ೯ತನ.”