ಥಟ್ಟನೆ ಹೇಳಬೇಕಾದ ಮಾತು

"ನಾನೊಂದು ಮಾತು ಹೇಳ್ತೀನಿ ಮಾವ. ಕೇಳಿದ ತಕ್ಷಣ ನಿನ್ನ ಬಾಯಿಗೆ ಏನು ಬರುತ್ತೋ ಅದನ್ನ ಥಟ್ ಅಂತ ಹೇಳಿಬಿಡಬೇಕು. ಯೋಚನೆ ಮಾಡಬಾರದು," ಎಂದು ಆದಿಲಕ್ಷ್ಮಿ ಸ್ಟಾಪ್‌ವಾಚಿನ ಗುಂಡಿಯ ಮೇಲೆ ಹೆಬ್ಬೆರಳಿಟ್ಟಳು.

ಯೋಚನೆ ಮಾಡಬಾರದು ಎಂದ ಕೂಡಲೇ ಸೀನಪ್ಪನಿಗೆ ಹೋದ ಜೀವ ಬಂದಂತಾಯಿತು. ಕ್ಯಾಸಂಬಳ್ಳಿ ಕಡೆಯ ಒಂದು ಹಾಲಿನ ಡೈರಿಗೆ ಸೆಕ್ರೆಟರಿ ಅವನು. ಅವನ ಪಾಲಿನ ಯೋಚನೆಯನ್ನೆಲ್ಲ ಹುಟ್ಟಿದಾಗಿನಿಂದ ತಾಯಿ ಅಕ್ಕಯ್ಯಮ್ಮನೇ ಮಾಡುತ್ತಾ ಬಂದಿದ್ದಳು. ಈಗ ಆಕೆ ಮಗನ ಮದುವೆಯ ಯೋಚನೆ ಮಾಡಿದ್ದಳು. ಹೆಣ್ಣು ಬೇರೆ ಯಾರೂ ಅಲ್ಲ, ಎದುರಿಗೆ ಗಡಿಯಾರ ಹಿಡಿದು ಕೂತ ಅಕ್ಕನ ಮಗಳೇ. ಮಗನನ್ನೂ ಒಂದು ಚೀಲ ಅವರೆಕಾಯನ್ನೂ ಬೆಳಗಿನ ಬಸ್ಸಿಗೆ ಹತ್ತಿಸಿಕೊಂಡು ಬಂಗಾರಪೇಟೆಗೆ ಬಂದಿಳಿದದ್ದು ಅದಕ್ಕೇ. ಸಂಜೆ ಅಳಿಯ ಕೆಲಸದಿಂದ ಬಂದನೆಂದರೆ ಮಾತು ಮುಗಿಸುವುದು, ಹುಡುಗಿಯನ್ನು ಈ ವರ್ಷವೇ ಕಾಲೇಜು ಬಿಡಿಸುವುದು.

ಬಿಡಿಸುತ್ತಾರಂತೆ. ದಿನಾ ಬೆಳಿಗ್ಗೆ ತಂಗಳು ತಿಂದು, ರೈಲಿನಲ್ಲಿ ಬೆಂಗಳೂರಿನ ತನಕ ನಿಂತುಕೊಂಡೇ ಹೋಗಿ ಓದಿದ ಓದು. ಬಿಟ್ಟರೆ ಎದೆ ಒಡೆದುಹೋಗುತ್ತದೆ ಅನ್ನಿಸುತ್ತಿತ್ತು ಆದಿಲಕ್ಷ್ಮಿಗೆ. ಬಿ.ಎ.ಯಲ್ಲಿ ಅವಳು ಇತಿಹಾಸ ತೆಗೆದುಕೊಂಡಾಗ ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ಮನಃಶಾಸ್ತ್ರ ಎಂದಾಗ ಮಾತ್ರ ಅಕ್ಕಯ್ಯಮ್ಮ, "ಉಚ್ಚರ ಓದಾ? ಅದಕ್ಕೆ ಯೂನಿವರ್ಸಿಟಿ ಯಾಕೆ, ನಿಮ್ಮಪ್ಪನ ಕಡೆ ನಂಟ್ರು ಸಾಲದಾ?" ಎಂದು ಕೇಳಿದ್ದಳು. ಸೋಮವಾರದ ಪ್ರಾಕ್ಟಿಕಲ್ಲಿಗೆ ಮನೆಯವರಲ್ಲಿ ಒಬ್ಬರ ಮೇಲೆ ಪ್ರಯೋಗ ಮಾಡಿಕೊಂಡು ಹೋಗಬೇಕಿತ್ತು. ಉತ್ತರ ತಡವಾಯಿತೆಂದರೆ ಆ ಮಾತಿನ ಹಿಂದೆ ಮನಸ್ಸು ಏನೋ ಬಚ್ಚಿಟ್ಟಿದೆ ಎಂದು ಲೆಕ್ಚರರ್ ಹೇಳಿಕೊಟ್ಟಿದ್ದರು. ಮಾವನಿಗೂ ಈ ಮದುವೆ ಇಷ್ಟವಿಲ್ಲ ಎಂದು ಹೇಗಾದರೂ ಹೊರಗೆ ಬಂದರೆ ಸಾಕು ಎಂದು ಅವಳು ಮನಸ್ಸಿನಲ್ಲೇ ಹರಕೆ ಹೊತ್ತಿದ್ದಳು.

"ಹಸು," ಎಂದಳು.

"ಆಲು."

"ಹುಲ್ಲು."

"ಆಲು."

"ಆಕಾಶ."

"ಆಲು," ಎಂದ ಸೀನಪ್ಪ. ಆಮೇಲೆ ಏನೋ ಅನುಮಾನ ಬಂದು, "ನೀರು ಬೆರೆತೈತಾ ಅಂತ ಡಿಗ್ರಿ ನೋಡ್ಬೇಕು ಅಷ್ಟೆ," ಎಂದು ಸೇರಿಸಿದ.

ಪಕ್ಕದಲ್ಲಿ ಕಾಲು ನೀಡಿಕೊಂಡು ನೆನೆದ ಅವರೆಕಾಳು ಹಿತುಕುತ್ತಿದ್ದ ಅಕ್ಕಯ್ಯಮ್ಮ ಉಬ್ಬಿಹೋದಳು. "ನೋಡ್ದಾ, ಒಂದರಾಗೂ ತಡವರಿಸ್ಲಿಲ್ಲ ನನ್ನ ಮಗ."

"ಹೆಂಡತಿ," ಎಂದಳು ಆದಿಲಕ್ಷ್ಮಿ.

ಸೀನಪ್ಪ ಸೂರು ನೋಡಿದ, ಕಾಲಿನ ಹೆಬ್ಬೆರಳು ನೋಡಿದ, ಕೊನೆಗೆ ತಾಯಿಯನ್ನು ನೋಡಿದ. "ಅಮ್ಮನ್ನ ಕೇಳಿ ಯೇಳ್ತೀನಿ," ಎಂದ.

ಆದಿಲಕ್ಷ್ಮಿಗೆ ನಗು ತಡೆಯಲಾಗಲಿಲ್ಲ. ಅಕ್ಕಯ್ಯಮ್ಮನಿಗೆ ಉರಿದುಹೋಯಿತು. "ಥೂ ನಿನ್ನ. ಒಂದು ಮಾತು ಯೇಳಕ್ಕೆ ಏನು ಬಂದೈತಲಾ ನಿಂಗೆ? ಜರುಗು ಅತ್ಲಾಗೆ. ಲೇ ಆದಿ, ನನ್ನ ಕೇಳು. ಬಚ್ಚಿಟ್ಕೊಳ್ಳಕ್ಕೆ ನನ್ನ ಅತ್ರ ಏನೂ ಇಲ್ಲ."

"ರಾಗಿ."

"ಮುದ್ದೆ."

"ಬಾವಿ."

"ಬತ್ತೋಯ್ತು."

"ಅಳಿಯ."

"ದಂಡ."

ಗುಂಡಿ ಒತ್ತಲೂ ಪುರುಸೊತ್ತು ಕೊಡುತ್ತಿರಲಿಲ್ಲ ಮುದುಕಿ. ಬೆರಳ ಸಂದಿಯಿಂದ ಬೇಳೆ ಪುಳಕ್ ಪುಳಕ್ ಎಂದು ತಟ್ಟೆಗೆ ಹಾರುತ್ತಿತ್ತು.

"ಸೊಸೆ."

"ಎದುರಿಗೇ ಕುಂತವ್ಳೆ."

ಆದಿಲಕ್ಷ್ಮಿಗೆ ರೇಗಿತು. ಕಾಲೇಜಿನಲ್ಲಿ ಕೊಟ್ಟಿದ್ದ ಮಾತುಗಳ ಪಟ್ಟಿಯನ್ನು ಅತ್ತ ಇಟ್ಟು, ಅದರಲ್ಲಿಲ್ಲದ್ದನ್ನೇ ಕೇಳಿದಳು.

"ಗಂಡ."

ಅಕ್ಕಯ್ಯಮ್ಮನ ಕೈ ನಿಂತಿತು. ಅವಳು ಕಟ್ಟಿಕೊಂಡಿದ್ದೂ ತಾಯಿಯ ತಮ್ಮನನ್ನೇ. ಬೆಳಿಗ್ಗೆ ಬಂದಾಗಿನಿಂದ, "ನಾನು ಮಾವನ್ನ ಕಟ್ಕೊಂಡು ಬಾಳ್ಲಿಲ್ವಾ?" ಎಂದು ಮನೆಯವರ ಕಿವಿ ತೂತು ಮಾಡಿದ್ದಳು. ಆ ಪುಣ್ಯಾತ್ಮ ಸತ್ತು ಎಷ್ಟೋ ವರ್ಷವಾಗಿತ್ತು. ಅವನ ಬಗ್ಗೆ ಒಂದು ಒಳ್ಳೆಯ ಮಾತಾಗಲಿ ಕೆಟ್ಟ ಮಾತಾಗಲಿ ಅವಳ ಬಾಯಲ್ಲಿ ಬಂದದ್ದನ್ನು ಯಾರೂ ಕೇಳಿರಲಿಲ್ಲ. ಈಗಲೂ ಬರಲಿಲ್ಲ. ಸ್ಟಾಪ್‌ವಾಚಿನ ಮುಳ್ಳು ಒಂದು ಸುತ್ತು ಹಾಕಿತು.

ಸೀನಪ್ಪನಿಗೆ ತಾಯಿಯ ಕಷ್ಟ ನೋಡಲಾಗಲಿಲ್ಲ. ಮೆಲ್ಲಗೆ ಬಗ್ಗಿ, "ಆಲು ಅಂದ್ಬುಡಮ್ಮ," ಎಂದ.

ಅದೂ ಅವಳಿಗೆ ಕೇಳಿಸಲಿಲ್ಲ. ಆದಿಲಕ್ಷ್ಮಿ ಗಡಿಯಾರ ನಿಲ್ಲಿಸಿದಳು. ಮುದುಕಿಯ ಬಾಯಿ ಕಟ್ಟಬೇಕೆಂದು ಕೇಳಿದ್ದೇನೋ ನಿಜ, ಹೀಗೆ ಕಟ್ಟುತ್ತದೆ ಎಂದು ಯಾರಿಗೆ ಗೊತ್ತಿತ್ತು? "ಹೋಗ್ಲಿ ಬಿಡಜ್ಜಿ, ಬೇರೆ ಕೇಳ್ತೀನಿ," ಎಂದಳು.

"ಬ್ಯಾಡ." ಅಕ್ಕಯ್ಯಮ್ಮ ಮಡಿಲಿನ ಸಿಪ್ಪೆ ಕೊಡವಿ ಎದ್ದಳು. "ಲೇ ಸೀನ, ಚೀಲ ತಗೊ. ಮದ್ಯಾನ್ನದ ಬಸ್ಸಿಗೆ ಓಗಾನ."

"ಬಾವ ಬರೋದು ಸಂಜೆಗಲ್ವೇನಮ್ಮ? ಮದುವೆ ಮಾತು?"

"ಆ ಮಾತು ಬ್ಯಾಡ. ಅವಳು ಓದ್ಕೊಳ್ಲಿ."

ಸೀನಪ್ಪ ಯಾಕೆ ಎಂದು ಕೇಳಲಿಲ್ಲ. ಕೇಳುವ ಅಭ್ಯಾಸ ಅವನಿಗಿರಲಿಲ್ಲ. ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಚಪ್ಪಲಿ ಹುಡುಕತೊಡಗಿದ. ಆದಿಲಕ್ಷ್ಮಿಗೆ ಕುಣಿಯಬೇಕೋ ಅಜ್ಜಿಯ ಕಾಲು ಹಿಡಿಯಬೇಕೋ ತಿಳಿಯಲಿಲ್ಲ. ಓಡಿಹೋಗಿ ಮುದುಕಿಯ ಕೈ ಹಿಡಿದುಕೊಂಡಳು. ಆ ಕೈ ಅವರೆಯ ಸೊಗಡಿನ ಜಿಡ್ಡಿನಿಂದ ಅಂಟಂಟಾಗಿತ್ತು.

"ಅಜ್ಜಿ, ನಾನೇನಾದ್ರೂ ತಪ್ಪು ಕೇಳಿದ್ನಾ?"

"ತಪ್ಪೇನೈತೆ," ಎಂದಳು ಅಕ್ಕಯ್ಯಮ್ಮ. "ನನ್ನ ಮದುವೆ ದಿನ ಸಾರಿಗೆ ಉಪ್ಪು ಸಾಕಾ ಅಂತ ಊರೋರ್ನೆಲ್ಲ ಕೇಳಿದ್ರು. ನನ್ನ ಕೇಳಿದೋಳು ನೀನೇ ಮೊದಲು."