ಮುಗಿಯಬಾರದ ರಿಪೇರಿ

ಹೊರಡಬೇಕಿದ್ದ ಬೆಳಿಗ್ಗೆಯೇ ಗಂಡ ವ್ಯಾನಿನೊಳಗಿನ ಅಡುಗೆ ಕಪಾಟಿನ ಬಾಗಿಲುಗಳನ್ನು ಮತ್ತೆ ಬಿಚ್ಚಿ ಹಾಕಿದ್ದ. ಬಟ್ಟೆಯ ಚೀಲ ಹೊತ್ತು ಬಂದ ಹೆಂಡತಿ ಮೆಟ್ಟಿಲ ಮೇಲೆಯೇ ನಿಂತಳು.

"ಏನ್ರೀ ಇದು?"

"ಬಣ್ಣ ಗುಳ್ಳೆ ಎದ್ದಿತ್ತು. ಇನ್ನೊಂದು ಕೈ ಹೊಡೆದ್ರೆ ಆಯ್ತು. ನಾಳೆ ಹೊರಡೋಣ."

ಆ 'ನಾಳೆ' ಅವಳಿಗೆ ಹಳೆಯ ಪರಿಚಯ. ಹಾಸಿಗೆ, ಒಲೆ, ಬಚ್ಚಲು ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡ ಈ ವ್ಯಾನು ಗಂಡ ಹೆಂಡಿರಿಬ್ಬರಿಗಿಂತ ವಯಸ್ಸಿನಲ್ಲಿ ಹಿರಿಯದು. ಗುಜರಿ ಪಾಲಾಗಲಿದ್ದದ್ದನ್ನು ಅಂಗಳಕ್ಕೆ ತಂದದ್ದೇ ಸಮುದ್ರ ನೋಡಿ ಬರೋಣವೆಂದು. ಅವಳ ಕಳೆದ ವರ್ಷದ ರಜೆಯನ್ನು ಇದರ ಸೋರುವ ಸೂರು ನುಂಗಿತು. ಈ ವರ್ಷದ ರಜೆ ಇವತ್ತು ಶುರು. ಎಂಜಿನ್ ಸರಿಮಾಡಿದ ಮೆಕ್ಯಾನಿಕ್ ಮೊನ್ನೆ ಅವಳನ್ನೇ ಸ್ಟಿಯರಿಂಗ್ ಮುಂದೆ ಕೂರಿಸಿ ಊರೆಲ್ಲ ಸುತ್ತಿಸಿ, "ಅಕ್ಕಾ, ಎಲ್ಲಾ ಸರಿಯಾಗಿದೆ, ಇನ್ನು ನನ್ನನ್ನ ಕರೀಬೇಡಿ" ಎಂದು ಕೈಮುಗಿದು ಹೋಗಿದ್ದ. ಗಂಡನಿಗೆ ಮಾತ್ರ ಒಂದು ಕೆಲಸ ಮುಗಿಯುವಷ್ಟರಲ್ಲಿ ಇನ್ನೊಂದು ಕಾಣುತ್ತಿತ್ತು.

ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಬಟಾಣಿ ಬಿಡಿಸುತ್ತಿದ್ದ ಅತ್ತೆ ತಲೆಯೆತ್ತದೆ ಹೇಳಿದರು: "ಚಿಕ್ಕವನಿದ್ದಾಗ್ಲೂ ಹೀಗೇ ಕಣೇ ಇವ್ನು. ಕೊನೇ ತುತ್ತನ್ನ ತಟ್ಟೆ ತುಂಬಾ ಸುತ್ತಿಸ್ತಾ ಕೂತಿರೋನು. ಹೊಟ್ಟೆ ತುಂಬಿ ಅಲ್ಲ, ಮುಗಿದುಹೋಗುತ್ತಲ್ಲ ಅಂತ."

ಹೆಂಡತಿ ಒಳಗೆ ಬಂದು ಚೀಲ ಕೆಳಗಿಟ್ಟು ಅವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. "ನಿಜ ಹೇಳಿ. ಗುಳ್ಳೆ ಎದ್ದಿತ್ತಾ?"

"ಎದ್ದಿತ್ತು. ಹುಡುಕಿದ್ರೆ ಕಾಣುವಷ್ಟು." ಅವನು ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸಿದ. "ಈ ವ್ಯಾನು ಬರೋಕ್ ಮೊದ್ಲು ಸಂಜೆ ಹೊತ್ತು ನಾವು ಏನ್ ಮಾಡ್ತಿದ್ವಿ, ಹೇಳು?"

ಅವಳಿಗೆ ನೆನಪಿತ್ತು. ನಡುಮನೆಯಲ್ಲಿ ಟೀವಿ ಮುಂದೆ ಅವನು, ಕೋಣೆಯಲ್ಲಿ ಫೋನು ಹಿಡಿದು ಅವಳು. ನಡುವೆ "ಊಟಕ್ಕೆ ಬನ್ನಿ" ಎಂಬ ಒಂದೇ ಮಾತು. ವ್ಯಾನು ಬಂದ ಮೇಲೆ ಒಬ್ಬರು ಹಲಗೆ ಹಿಡಿಯಬೇಕು, ಇನ್ನೊಬ್ಬರು ಮೊಳೆ ಹೊಡೆಯಬೇಕು. ಪೆಟ್ಟು ಹೆಬ್ಬೆರಳಿಗೆ ಬೀಳಬೇಕು, ಜಗಳವಾಗಬೇಕು, ನಗು ಬರಬೇಕು.

"ಇದು ಮುಗಿದ್ರೆ ಮತ್ತೆ ಅದೇ ಟೀವಿ" ಎಂದ.

ಅವಳು ಅವನ ಮೂಗಿನ ತುದಿಗೆ ಮೆತ್ತಿದ್ದ ಹಸಿರು ಬಣ್ಣವನ್ನು ಹೆಬ್ಬೆರಳಿನಿಂದ ಒರೆಸಿ, ಎದ್ದು ಹೋಗಿ ಡ್ರೈವರ್ ಸೀಟಿನಲ್ಲಿ ಕೂತು ಕೀ ತಿರುಗಿಸಿದಳು.

"ಏಯ್, ಬಣ್ಣ ಹಸಿ ಇದೆ ಕಣೇ."

"ದಾರೀಲಿ ಗಾಳಿಗೆ ಒಣಗುತ್ತೆ. ಬಾಗಿಲುಗಳನ್ನ ಗಟ್ಟಿಯಾಗಿ ಹಿಡ್ಕೊಳ್ಳಿ."

ಅತ್ತೆ ಕುರ್ಚಿಯನ್ನು ಬದಿಗೆಳೆದುಕೊಂಡು, ಬಟಾಣಿ ಸಿಪ್ಪೆಯ ಕೈಯನ್ನೇ ಬೀಸಿದರು. "ಅಂತೂ ಹೊರಟ್ರಲ್ಲ, ಹೋಗ್ಬನ್ನಿ."

ಬೀದಿಯ ತಿರುವಿನಲ್ಲಿ ವ್ಯಾನು ಒಮ್ಮೆ ಕುಲುಕಿತು. ಹಿಂದೆಲ್ಲೋ ಲಟಲಟ ಎಂಬ ಸದ್ದು ಶುರುವಾಯಿತು. ಕಪಾಟಿನ ಬಾಗಿಲುಗಳನ್ನು ಮಗುವಿನಂತೆ ತಬ್ಬಿ ಕೂತಿದ್ದ ಗಂಡ ಕಿವಿ ನಿಮಿರಿಸಿದ. ಕನ್ನಡಿಯಲ್ಲಿ ಅವನ ಮುಖ ಅರಳುವುದು ಅವಳಿಗೆ ಕಂಡಿತು.

"ಕೇಳಿಸ್ತಾ? ಏನೋ ಸಡಿಲ ಆಗಿದೆ."

"ಕೇಳಿಸ್ತು. ಸಂಜೆ ಸಮುದ್ರದ ಹತ್ರ ನಿಲ್ಲಿಸಿ, ಇಬ್ರೂ ಕೂತು ನೋಡೋಣ."

ಮುಂದೆ ರಸ್ತೆಯ ನಡುವೆ ದೊಡ್ಡದೊಂದು ಗುಂಡಿ ಇತ್ತು. ಅವಳು ಅದನ್ನು ತಪ್ಪಿಸಲು ಹೋಗಲಿಲ್ಲ.