ದಂಡಿಗೆ ಹೊರಟ ಬಾಲ್ಬಿನಾ

ಕ್ರಾಂತಿಯ ದಿನದ ಮೆರವಣಿಗೆ ಸಂತೆಬೀದಿಗೆ ತಿರುಗುವ ಹೊತ್ತಿಗೆ ಬಾಲ್ಬಿನಾಳ ಬಲಮಂಡಿ ಮುಷ್ಕರ ಹೂಡಿತು. ಒಂದು ಹೆಜ್ಜೆ ಎತ್ತಿಟ್ಟಳು. ಎರಡನೆಯದಕ್ಕೆ ಕಾಲು ಬರಲೇ ಇಲ್ಲ. ಎದೆಯ ಮೇಲೆ ಅಡ್ಡಡ್ಡ ಬಿಗಿದ ರಟ್ಟಿನ ತೋಟಾಪಟ್ಟಿ, ನೆಲ ಗುಡಿಸುವ ಕೆಂಪು ಲಂಗ, ಹೆಗಲ ಮೇಲೆ ಮರದ ಬಂದೂಕು. ಕ್ರಾಂತಿಯ ಕಾಲದಲ್ಲಿ ಗಂಡಸರ ಜತೆ ಕಾದಾಡಲು ಹೋದ ದಂಡಿನ ಹೆಂಗಸು ಹೇಗಿದ್ದಳೋ ಥೇಟ್ ಹಾಗೇ ಇದ್ದಳು. ವಯಸ್ಸು ಮಾತ್ರ ಎಪ್ಪತ್ತು ದಾಟಿತ್ತು.

ಸಂಜೆಶಾಲೆಯ ಅವಳ ಸಹಪಾಠಿಗಳು, ಎಲ್ಲರೂ ಮುದುಕ ಮುದುಕಿಯರೇ, ಗಮನಿಸದೆ ಮುಂದೆ ಸಾಗಿದರು. ಹಿಂದಿನಿಂದ ಪುಟಾಣಿಗಳ ಶಾಲೆ, ಮಸಿಯಲ್ಲಿ ಬರೆದ ಮೀಸೆಗಳ ಸಮೇತ, ಡೋಲು ಬಡಿಯುತ್ತ ಬರುತ್ತಿತ್ತು.

ಟೀಚರ್ ನಯೇಲಿ ಓಡಿಬಂದಳು. “ಬಾಲ್ಬಿನಾ ಅಮ್ಮಾ, ಹಿಂದೆ ಗಾಡಿ ಬರ್ತಿದೆ, ಹತ್ತಿ ಕೂತ್ಕೊಳ್ಳಿ. ಅಲ್ಲಿಂದಾನೇ ಕೈ ಬೀಸಿದ್ರಾಯ್ತು.”

“ಗಾಡೀಲಿ ಕೂತು ಕೈ ಬೀಸೋಕೆ ನಾನೇನು ಮೇಯರ್ ಹೆಂಡ್ತೀನಾ? ಒಂದು ಉಸಿರು ತಗೋತೀನಿ ಟೀಚರ್, ನಡೀತೀನಿ.”

ಚಿಕ್ಕಂದಿನಲ್ಲಿ ಪ್ರತಿ ವರ್ಷ ಕ್ರಾಂತಿಯ ದಿನ ಇದೇ ಬೀದಿಯ ಅಂಚಿನಲ್ಲಿ ಹುರಿದ ಕುಂಬಳಬೀಜ ಮಾರುತ್ತ, ಶಾಲೆಯ ಹುಡುಗಿಯರು ಬಂದೂಕು ಹೊತ್ತು ಹೋಗುವುದನ್ನು ಅವಳು ಬಾಯಿಬಿಟ್ಟು ನೋಡಿದ್ದಳು. ಶಾಲೆಯ ಮೆಟ್ಟಿಲು ಹತ್ತದವರಿಗೆ ಮೆರವಣಿಗೆಯಲ್ಲಿ ಜಾಗವಿರಲಿಲ್ಲ. ಈ ವರ್ಷ ಅಕ್ಷರ ಕಲಿತಳು, ಜಾಗ ಸಿಕ್ಕಿತು. ಗಂಡ ಎಲಿಹಿಯೊ ಮಾತ್ರ ಬೆಳಿಗ್ಗೆ ಕಾಫಿ ಲೋಟದಿಂದ ತಲೆಯೆತ್ತದೆ, “ಊರೆಲ್ಲ ನಗುತ್ತೆ ಮುದುಕಿ. ನಾನಂತೂ ನೋಡೋಕೆ ಬರಲ್ಲ,” ಎಂದುಬಿಟ್ಟಿದ್ದ.

ಈಗ ನೋಡಿದರೆ ಆತ ಜೋಳದ ರೊಟ್ಟಿ ಸುಡುವವಳ ಒಲೆಯ ಹಿಂದೆ, ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ನಿಂತಿದ್ದ. ಹೆಂಡತಿಯ ಮುಖ ನೋವಿಗೆ ಕಿವುಚಿದ್ದು ಕಂಡದ್ದೇ ಜನರನ್ನು ಸರಿಸಿಕೊಂಡು ಬೀದಿಗಿಳಿದ.

“ಬರಲ್ಲ ಅಂದ್ಯಲ್ಲ?”

“ಹಸಿವಾಯ್ತು, ರೊಟ್ಟಿ ತಿನ್ನೋಕೆ ಬಂದೆ.” ಕೈಚಾಚಿದ. “ಆ ಬಂದೂಕು ಇಲ್ಲಿ ಕೊಡು. ನನ್ನ ಹೆಗಲು ಹಿಡ್ಕೋ.”

ಬಾಲ್ಬಿನಾ ಬಂದೂಕನ್ನು ಎದೆಗವಚಿಕೊಂಡಳು. “ಇದನ್ನ ಮಾತ್ರ ಕೇಳ್ಬೇಡ.” ಆಮೇಲೆ ಬೆನ್ನು ತಿರುಗಿಸಿದಳು. “ಬೇಕಾದ್ರೆ ಇದನ್ನ ಬಿಚ್ಕೋ. ಭಾರ ಇರೋದೇ ಇಲ್ಲಿ.”

ಬೆನ್ನಿಗೆ ಶಾಲಿನಲ್ಲಿ ಮಣ್ಣಿನ ಮಡಕೆ ಕಟ್ಟಿತ್ತು. ಕಾದಾಡಿದ್ದಲ್ಲದೆ ಇಡೀ ದಂಡಿಗೆ ಬೇಯಿಸಿ ಹಾಕಿದವರೂ ಆ ಹೆಂಗಸರೇ; ಮಡಕೆಯಿಲ್ಲದೆ ವೇಷ ಪೂರ್ತಿಯಾಗುವುದಿಲ್ಲ.

ಎಲಿಹಿಯೊ ಬೀದಿಯ ಎರಡೂ ಬದಿ ನೋಡಿದ. ಅರ್ಧ ಊರು ಗೊತ್ತಿರುವ ಮುಖಗಳೇ. ಡೋಲು ಬೆನ್ನಿಗೇ ಬಂದು ನಿಂತಿತ್ತು. ಗಂಟು ಬಿಚ್ಚಿ, ಮಡಕೆಯನ್ನು ತನ್ನ ಬೆನ್ನಿಗೆ ಕಟ್ಟಿಕೊಂಡ. ಅವಳು ಅವನ ಹೆಗಲ ಮೇಲೆ ಎಡಗೈ ಊರಿದಳು. ಮಂಡಿ ಗೊಣಗಿತು, ನರಳಿತು, ಕೊನೆಗೆ ಒಪ್ಪಿತು. ಹೆಜ್ಜೆ ಡೋಲಿಗೆ ಹೊಂದಿದಾಗ ಬಾಲ್ಬಿನಾ ಗದ್ದ ಮೇಲೆತ್ತಿ, ಬಂದೂಕನ್ನು ನೆಟ್ಟಗೆ ಮಾಡಿಕೊಂಡಳು.

ಅಂಗಡಿ ಬಾಗಿಲಲ್ಲಿ ನಿಂತಿದ್ದ ಕ್ಷೌರಿಕ ಹೊಟ್ಟೆ ಹಿಡಿದುಕೊಂಡು ನಕ್ಕ. “ಏನಯ್ಯಾ ಎಲಿಹಿಯೊ! ಮಡಕೆ ಹೊತ್ಕೊಂಡು ಎಲ್ಲಿಗೆ ಸವಾರಿ?”

ಎಲಿಹಿಯೊ ಹುಬ್ಬಿನ ಮೇಲಿದ್ದ ಟೋಪಿಯನ್ನು ಹಿಂದಕ್ಕೆ ತಳ್ಳಿದ, ಮುಖ ಎಲ್ಲರಿಗೂ ಕಾಣುವಂತೆ.

“ಯುದ್ಧಕ್ಕೆ ಕಣೋ! ಗುಂಡು ಹಾರಿಸೋಳು ಅವಳು. ನಾನು ಅಡುಗೆಯವನು.”